ಹುಡುಗನೊಬ್ಬ ಕಡಿಮೆಯಿದ್ದ ಚಪ್ಪರ

ನಮ್ಮ ಮನೆಯ ಮುಂದೆ ಮೊದಲ ಕಂಬ ಎದ್ದ ಶುಕ್ರವಾರ ಬೆಳಗ್ಗೆ ನನಗೆ ಮದುವೆ ಗೊತ್ತಾಗಿರಲಿಲ್ಲ. ಶನಿವಾರ ಬೆಳಗ್ಗೆಯ ಹೊತ್ತಿಗೆ ಗೊತ್ತಾಗಿತ್ತು. ನಡುವಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ನಾನು ಮಾಡಿದ್ದೆಂದರೆ ಮೂರು ಸಲ ಕಾಫಿ ಕುಡಿದದ್ದು ಮತ್ತು ಯಾರದೋ ಅಡಿಗೆಮನೆಯ ಕಪಾಟಿನ ನಕ್ಷೆ ಮುಗಿಸಿದ್ದು.

ಇದಕ್ಕೆಲ್ಲ ಮೂಲ ನಮ್ಮ ತಂದೆ ಅನಂತರಾಮು ಅವರ ಎಡಮಂಡಿ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅದು ನೋಯತೊಡಗಿತು. ಸೈಕಲ್ ತುಳಿಯಿರಿ ಎಂದರು ಡಾಕ್ಟರು. ಅಪ್ಪ ಯಾವ ಕೆಲಸವನ್ನೂ ಸಲಕರಣೆಯಿಂದ ಆರಂಭಿಸುವವರು. ಮೊದಲು ಹೆಲ್ಮೆಟ್ ಬಂತು, ಆಮೇಲೆ ಕೈಗವಸು, ಆಮೇಲೆ ಕತ್ತಲಲ್ಲಿ ಮಿಂಚುವ ಹಳದಿ ಜಾಕೆಟ್ಟು. ಸೈಕಲ್ ಬರುವುದು ತಡವಾದ್ದರಿಂದ ಎರಡು ವಾರ ಅವರು ಇಷ್ಟನ್ನೂ ತೊಟ್ಟು ನಡೆದುಕೊಂಡೇ ಹೋಗಿ ಹಾಲು ತಂದರು. ಜೆ.ಪಿ. ನಗರ ಎರಡನೇ ಹಂತದ ನಮ್ಮ ಅಡ್ಡರಸ್ತೆಯಲ್ಲಿ ಇದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅಪ್ಪನಿಂದ ಜನ ಇನ್ನೂ ಹೆಚ್ಚಿನದನ್ನು ಕಂಡಿದ್ದರು.

ಸೈಕಲ್ ಬಂದ ಮೇಲೆ ಅಪ್ಪ ಪೆಡಲ್ ಬಳಗ ಸೇರಿದರು. ಇದು ಪ್ರತಿ ಭಾನುವಾರ ವಸಂತಪುರದ ಆಚೆಯವರೆಗೆ ತುಳಿದುಹೋಗಿ ಬರುವ ಮೂವತ್ತು ಮಂದಿಯ ಗುಂಪು. ಅಲ್ಲಿಗೆ ತಲುಪಿದ ಮೇಲೆ ಕೂರಲು ಜಾಗವಿಲ್ಲ. ಅಪಾರ್ಟ್‌ಮೆಂಟಿನ ಗೇಟಿನೆದುರು ಕೂತರೆ ವಾಚ್‌ಮನ್ ಎಬ್ಬಿಸುತ್ತಾನೆ, ಮಳೆ ಬಂದರೆ ಕಬ್ಬಿನಹಾಲಿನ ಅಂಗಡಿಯ ಛತ್ರಿಯ ಕೆಳಗೆ ಮೂವತ್ತು ಹೆಲ್ಮೆಟ್ಟುಗಳು. ಒಂದು ಭಾನುವಾರ ಬಳಗದ ಕಾರ್ಯದರ್ಶಿ ಶ್ರೀಕರ್, "ಒಂದು ಮರದ ಮಂಟಪದ ಥರ ಏನಾದ್ರೂ ಇದ್ದಿದ್ರೆ ಸಾಕಿತ್ತು, ಸಿಮೆಂಟ್ ಬೇಡ" ಎಂದು ಸುಮ್ಮನೆ ಗಾಳಿಗೆ ಹೇಳಿದರಂತೆ. ಗಾಳಿಗೆ ಹೇಳಿದ್ದಕ್ಕೆ ಉತ್ತರ ಕೊಡುವುದು ಅಪ್ಪನ ಸ್ವಭಾವ.

"ನನ್ ಮಗಳು ಆರ್ಕಿಟೆಕ್ಟು ರೀ. ಸುರಭಿ ಅಂತ. ಬರೆದ್ಕೊಡ್ತಾಳೆ."

ನಾನು ಆರ್ಕಿಟೆಕ್ಚರ್ ಓದಿದ್ದೇನೆ, ನಿಜ. ಎರಡು ವರ್ಷದಿಂದ ಬಿ.ಟಿ.ಎಂ. ಲೇಔಟಿನ ಒಂದು ಕಂಪನಿಗೆ ಅಡಿಗೆಮನೆಯ ಕಪಾಟುಗಳನ್ನು ಬರೆಯುತ್ತಿದ್ದೇನೆ, ಇದೂ ನಿಜ. ದಕ್ಷಿಣ ಬೆಂಗಳೂರಿನ ಬಹಳಷ್ಟು ತೊಗರಿಬೇಳೆ ನಾನು ಬರೆದ ಗೆರೆಗಳೊಳಗೆ ಇದೆ. ಆದರೆ ನಾನು ಬರೆದದ್ದರ ಕೆಳಗೆ ಅದುವರೆಗೆ ಒಬ್ಬ ಮನುಷ್ಯನೂ ನಿಂತಿರಲಿಲ್ಲ, ಕೂತಿರಲಿಲ್ಲ. ಅದು ಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ನಾನು ಯಾರಿಗೂ ಏನನ್ನೂ ಹೇಳುವವಳಲ್ಲ.

ಇಪ್ಪತ್ತೆರಡು ಸಂಜೆ ಕೂತು ಬರೆದೆ. ಬಸವನಗುಡಿಯಲ್ಲಿ ಕೆಡವಿದ ಹಳೇ ಮನೆಯೊಂದರ ಮತ್ತಿ ಮರದ ಕಂಬಗಳು ಆರು. ಮೇಲಿನ ಜಂತಿಗಳಿಗೆ ಸಿಲ್ವರ್ ಓಕ್, ಏಕೆಂದರೆ ಅದು ಬೇಗ ಬೆಳೆಯುತ್ತದೆ, ಕಡಿದಷ್ಟನ್ನು ಮತ್ತೆ ನೆಡಬಹುದು. ಒಂದು ಮರದ ನಾಲಿಗೆ ಇನ್ನೊಂದು ಮರದ ತೂತಿಗೆ ಕೂತು, ಮರದ ಗೂಟ ಬಡಿದರೆ ಮುಗಿಯಿತು, ಒಂದು ಮೊಳೆಯೂ ಇಲ್ಲ. ಒಂದು ಕಡೆ ಸೈಕಲ್ ಚಕ್ರ ನಿಲ್ಲಿಸಲು ಕಚ್ಚು ಕೊಟ್ಟ ಅಡ್ಡಪಟ್ಟಿ, ಇನ್ನೊಂದು ಕಡೆ ಉದ್ದಕ್ಕೂ ಬೆಂಚು. ಬೆಂಚಿನ ಎತ್ತರದ ಬಗ್ಗೆ ಶ್ರೀಕರ್ ಒಮ್ಮೆ ಮನೆಗೆ ಬಂದು ಕೇಳಿಹೋಗಿದ್ದರು. ಆ ದಿನ ನಾನು ಅವರೊಂದಿಗೆ ಮೂರು ವಾಕ್ಯ ಮಾತಾಡಿದೆ. ಮೂರೂ ಇಂಚುಗಳಿಗೆ ಸಂಬಂಧಿಸಿದವು.

ಜಾಗ ಕೊಡಬೇಕಾದವರು ವಸಂತಪುರದ ಚಿಕ್ಕಬೈರಪ್ಪನವರು. ಹಿಂದೆ ಅಲ್ಲೆಲ್ಲ ರಾಗಿ ಬೆಳೆದವರು, ಈಗ ಬಾಡಿಗೆ ಬೆಳೆಯುತ್ತಾರೆ. ರಸ್ತೆಬದಿಯ ಒಂದು ಮೂಲೆ ಅವರ ಹತ್ತಿರ ಸುಮ್ಮನೆ ಬಿದ್ದಿತ್ತು. ಅಪ್ಪ ನನ್ನ ನಕ್ಷೆಯನ್ನು ಅವರ ಮುಂದೆ ಹಾಸಿದಾಗ ಅವರು ಅದನ್ನು ತಲೆಕೆಳಗು ಮಾಡಿ ನೋಡಿ, ಮತ್ತೆ ನೇರ ಮಾಡಿ ನೋಡಿ, ಮಡಿಸಿ ವಾಪಸು ಕೊಟ್ಟರು.

"ಕಾಗ್ದ ನಂಗ್ ಅರ್ಥಾಗಲ್ಲ ಸಾಮಿ. ನಿಲ್ಸಿ ತೋರ್ಸಿ. ಒಂದ್ ಕಿತ ಅದ್ರಾಗ್ ಕೂತ್ ನೋಡ್ತೀನಿ. ಆಮ್ಯಾಕ್ ಹೇಳ್ತೀನಿ."

"ಭಾನುವಾರ ಬನ್ನಿ! ನಮ್ಮನೆ ಮುಂದೇನೇ ನಿಲ್ಸಿರ್ತೀನಿ!" ಎಂದರು ಅಪ್ಪ. ನಮ್ಮ ಮನೆ ಮುಂದೆ ಸ್ಕೂಟರ್ ಮತ್ತು ತುಳಸಿಕಟ್ಟೆ ಬಿಟ್ಟರೆ ಮಿಕ್ಕದ್ದೆಲ್ಲ ಸಾರ್ವಜನಿಕ ರಸ್ತೆ ಎಂಬುದು ಅವರಿಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಹೀಗೆ ಶುಕ್ರವಾರ ಬೆಳಗ್ಗೆ ಇಟ್ಟಮಡುವಿನಿಂದ ಬಡಗಿ ಮರೆಪ್ಪ ಟೆಂಪೋದಲ್ಲಿ ಮರ ಹೇರಿಕೊಂಡು ಬಂದರು. ಮರೆಪ್ಪ ನನ್ನ ನಕ್ಷೆಯನ್ನು ಒಂದು ಗೆರೆ ತಪ್ಪದೆ ಕೊರೆದಿದ್ದರು. ಆದರೆ ಪೂಜೆಯಿಲ್ಲದೆ ಅವರು ಕಂಬ ಎತ್ತುವವರಲ್ಲ.

"ಸಾಂಪಲ್ಲೋ ಗೀಂಪಲ್ಲೋ, ಕಂಬ ಕಂಬಾನೇ ಸಾರ್. ರಾಹುಕಾಲಕ್ಕೆ ಮುಂಚೆ ಮಾಡ್ಬಿಡಣ. ಅರಿಶಿನ, ಕುಂಕುಮ, ಮಾವಿನಸೊಪ್ಪು ಕೊಡಿ. ಹಾಲು ಅಮ್ಮಾವ್ರೇ ಎರೀಲಿ."

ಅಮ್ಮ ಹಾಲೆರೆಯುವ ಕೆಲಸವೆಂದ ಮೇಲೆ ರೇಷ್ಮೆಸೀರೆ ಉಟ್ಟರು. ಅಪ್ಪ ಪಂಚೆಯುಟ್ಟರು. ಕಂಬದ ತುದಿಗೆ ಅರಿಶಿನದ ಕೊಂಬು, ಮಾವಿನಸೊಪ್ಪು ಕಟ್ಟಿದರು. ಬುಡಕ್ಕೆ ಹಾಲು ಬಿತ್ತು. ಕಂಬ ಎದ್ದಿತು. ಮಧ್ಯಾಹ್ನದೊಳಗೆ ಆರೂ ಎದ್ದು, ಮೇಲೆ ಜಂತಿ ಕೂತು, ಹೆಂಚು ಇನ್ನೂ ಬಂದಿಲ್ಲವೆಂದು ಮರೆಪ್ಪ ಬಿಸಿಲಿಗೆ ಅಡ್ಡವಾಗಿ ಹಸಿ ತೆಂಗಿನಗರಿ ಹೊದಿಸಿಬಿಟ್ಟರು.

ಇನ್ನು ಎದುರುಮನೆಯ ಸರಸ್ವತಿ ಆಂಟಿಯ ತಪ್ಪೇನಿದೆ? ವಯಸ್ಸಿಗೆ ಬಂದ ಹುಡುಗಿಯ ಮನೆಯ ಮುಂದೆ ಹಾಲೆರೆದ ಕಂಬ, ಮಾವಿನಸೊಪ್ಪು, ತೆಂಗಿನಗರಿ, ರೇಷ್ಮೆಸೀರೆಯ ತಾಯಿ. ಇದನ್ನು ಸೈಕಲ್ ಸವಾರರ ತಂಗುದಾಣವೆಂದು ಊಹಿಸುವ ಶಕ್ತಿ ಯಾವ ಗೃಹಿಣಿಗೂ ಇರಲಾರದು. ಆದರೂ ಅವರು ನ್ಯಾಯವಂತರು, ಕೇಳಿಯೇ ಖಚಿತಪಡಿಸಿಕೊಂಡರು.

"ಏನು ಅನಂತರಾಮು ಅವ್ರೇ, ಏನೋ ವಿಶೇಷ ಅಂತ ಕಾಣುತ್ತೆ?"

ಅಪ್ಪ ಆ ವಾರ ಒಂದು ವ್ರತದಲ್ಲಿದ್ದರು. ಕಳೆದ ವರ್ಷ ಬೀದಿಗೆಲ್ಲ ಸೋಲಾರ್ ದೀಪ ತರಿಸುತ್ತೇನೆಂದು ಮೊದಲೇ ಹೇಳಿ, ದೀಪ ಬಾರದೆ, ಆರು ತಿಂಗಳು ಮುಖ ತಪ್ಪಿಸಿಕೊಂಡು ಹಿಂದಿನ ರಸ್ತೆಯಲ್ಲಿ ಓಡಾಡಿದ್ದರು. ಆದ್ದರಿಂದ ಚಿಕ್ಕಬೈರಪ್ಪ ಹೂಂ ಅನ್ನುವವರೆಗೆ ಬಾಯಿಬಿಡುವುದಿಲ್ಲವೆಂದು ನಿಶ್ಚಯಿಸಿದ್ದರು. ಅವರು ಮುಗುಳ್ನಕ್ಕರು.

"ಈಗ್ಲೇ ಏನೂ ಕೇಳ್ಬೇಡಿ. ಭಾನುವಾರ ಬೆಳಗ್ಗೆ ಆರೂವರೆಗೆ ಬಂದ್ಬಿಡಿ, ನೀವೇ ನೋಡ್ತೀರಂತೆ."

ಗುಟ್ಟು ಮುಚ್ಚಿಟ್ಟ ಸಮಾಧಾನದಲ್ಲಿ ಅಪ್ಪ ಒಳಗೆ ಬಂದು ನಿದ್ದೆ ಮಾಡಿದರು.

ಶನಿವಾರ ಏಳು ಗಂಟೆಗೆ ಬಸವನಗುಡಿಯಿಂದ ಸೋದರತ್ತೆ ಬಂದಿಳಿದರು. ಕೈಯಲ್ಲಿ ಸೂಟ್‌ಕೇಸು, ಕಣ್ಣಲ್ಲಿ ನೀರು.

"ಅನಂತೂ, ಒಡಹುಟ್ಟಿದ ಅಕ್ಕ ನಾನು. ನಿನ್ ಮಗಳ ಮದುವೆ ನಂಗೆ ನಿನ್ನ ಎದುರುಮನೆಯೋರಿಂದ ಗೊತ್ತಾಗ್ಬೇಕೇನೋ? ಹುಡುಗ ಯಾರು?"

"ಯಾವ ಹುಡುಗ ಅಕ್ಕ?"

"ಹುಡುಗನೇ ಇಲ್ದೆ ಚಪ್ಪರ ಹಾಕ್ಸಿದೀಯಾ?"

ಅಪ್ಪ ವಿವರಿಸಿದರು. ಸೈಕಲ್ಲು, ಮಂಡಿ, ಮಳೆ, ಮೊಳೆಯಿಲ್ಲದ ಕೆಲಸ, ಎಲ್ಲವನ್ನೂ. ಅತ್ತೆ ಕೊನೆಯವರೆಗೂ ಕೇಳಿ ಕಣ್ಣೊರೆಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿನ ಜಾಗಕ್ಕೆ ಏನೋ ಕಾರ್ಯೋತ್ಸಾಹ ಬಂತು.

"ಸರಿ. ಚಪ್ಪರ ಇದೆ. ಹುಡುಗಿ ಇದಾಳೆ. ಅಡಿಗೆಯೋರ ನಂಬರ್ ನನ್ ಹತ್ರ ಇದೆ. ಒಂದು ಹುಡುಗ ತಾನೇ ಕಮ್ಮಿ? ಸಾಯಂಕಾಲದೊಳಗೆ ನೋಡಣ ಬಿಡು."

ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿಟಕಿಯಿಂದ ನೋಡಿದರೆ ಅಮ್ಮ ರಸ್ತೆಯಲ್ಲಿ ನಿಂತಿದ್ದರು. ಗರಿಗಳ ನಡುವಿಂದ ಬಿಸಿಲು ಅವರ ಸೆರಗಿನ ಮೇಲೆ ಬಿದ್ದಿತ್ತು. ಅವರು ಒಂದು ಕಂಬಕ್ಕೆ ಕೈಯಾನಿಸಿ, ಯಾರೂ ಇಲ್ಲದ ಬೆಂಚಿನ ಕಡೆ ಸುಮಾರು ಹೊತ್ತು ನೋಡುತ್ತಿದ್ದರು. ಅಲ್ಲಿ ಯಾರನ್ನು ಕೂರಿಸಿ ನೋಡುತ್ತಿದ್ದರೋ.

ಹತ್ತು ಗಂಟೆಗೆ ವಾರ್ಡ್ ಆಫೀಸಿನಿಂದ ಪ್ರಮೋದ್ ಎಂಬುವರು ಬೈಕಿನಲ್ಲಿ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ ನಾಲ್ಕು ಫೋಟೋ ತೆಗೆದರು.

"ಯಾರ್ದು ಸಾರ್ ಇದು?"

ಅಪ್ಪನಿಗೆ ಸರ್ಕಾರಿ ನೌಕರರ ಮುಂದೆ ಸುಳ್ಳು ಬರುವುದಿಲ್ಲ. ಮೂವತ್ತೈದು ವರ್ಷ ತಾವೂ ಅದೇ ಆಗಿದ್ದವರು. "ಇದು ಪರಿಸರಸ್ನೇಹಿ ಮರದ ಸ್ಟ್ರಕ್ಚರ್ ಸಾರ್. ನನ್ನ ಮಗಳು..."

"ಸ್ಟ್ರಕ್ಚರ್ರಾ? ರೋಡ್ ಮೇಲೆ ಸ್ಟ್ರಕ್ಚರ್ ಅಂದ್ರೆ ಪ್ಲಾನ್ ಬೇಕು, ಪರ್ಮಿಷನ್ ಬೇಕು. ಇಲ್ಲಾಂದ್ರೆ ಈಗ್ಲೇ ತೆಗೆಸ್ಬೇಕಾಗುತ್ತೆ. ನಂದೇನಿಲ್ಲ ಸಾರ್, ಮೇಲಿನೋರು ಕೇಳ್ತಾರೆ."

"ಭಾನುವಾರದವರೆಗಾದ್ರೂ..."

"ಈಗ್ಲೇ ಸಾರ್."

ಗೇಟಿನ ಹಿಂದಿನಿಂದ ಅತ್ತೆಯ ದನಿ ಬಂತು: "ಮದುವೆ ಚಪ್ಪರ ಕಣಪ್ಪಾ ಅದು!"

ಪ್ರಮೋದ್ ಅವರ ಮುಖ ಅರಳಿತು. ಮಾವಿನಸೊಪ್ಪು ನೋಡಿದರು, ಗರಿ ನೋಡಿದರು, ತೆಗೆದ ಫೋಟೋಗಳನ್ನು ಒಂದೊಂದಾಗಿ ಅಳಿಸಿದರು.

"ಮೊದ್ಲೇ ಹೇಳೋದಲ್ವಾ ಸಾರ್? ಮದುವೆ ಚಪ್ಪರಕ್ಕೆ ಯಾರ್ ಏನಂತಾರೆ? ಮದುವೆ ಮುಗಿಸ್ಕೊಂಡು ಸೋಮವಾರ ತೆಗೆದ್ಬಿಡಿ. ಮುಹೂರ್ತ ಯಾವಾಗ?"

ಅಪ್ಪ ನನ್ನ ಕಿಟಕಿಯ ಕಡೆ ತಿರುಗಿ ನೋಡಿದರು. ಹೌದು ಅಂದರೆ ಸುಳ್ಳು, ಅಲ್ಲ ಅಂದರೆ ನನ್ನ ಇಪ್ಪತ್ತೆರಡು ಸಂಜೆ ಟೆಂಪೋ ಹತ್ತುತ್ತದೆ.

"ನಾಳೆ... ಆರೂವರೆಗೆ."

"ಅಷ್ಟು ಬೆಳಗ್ಗೇನಾ? ಪರ್ವಾಗಿಲ್ಲ, ಮನೆಯೋರನ್ನೂ ಕರ್ಕೊಂಡೇ ಬರ್ತೀನಿ."

ಭಾನುವಾರದ ಬೆಳಗನ್ನು ನಾನು ಅಂದೇ ಬರೆದಿಟ್ಟುಕೊಂಡಿದ್ದರಿಂದ ಕ್ರಮವಾಗಿ ಹೇಳಬಲ್ಲೆ. ಐದಕ್ಕೆ ಅಡಿಗೆಯವರು ಬಂದರು. ಅತ್ತೆ ನಿಜವಾಗಿಯೂ ಎಪ್ಪತ್ತು ಜನರ ತಿಂಡಿಗೆ ಹೇಳಿಬಿಟ್ಟಿದ್ದರು. ಹುಡುಗ ಸಿಕ್ಕಿರಲಿಲ್ಲ, ಆದರೂ ಪ್ರಯತ್ನ ನಿಂತಿರಲಿಲ್ಲ, ಫೋನು ಕಿವಿಯಲ್ಲೇ ಇತ್ತು. ಆರಕ್ಕೆ ಸರಸ್ವತಿ ಆಂಟಿಯ ನೇತೃತ್ವದಲ್ಲಿ ಅಡ್ಡರಸ್ತೆಯ ಹೆಂಗಸರು ತಟ್ಟೆಗಳೊಂದಿಗೆ ಬಂದು ಬೆಂಚಿನ ಮೇಲೆ ಸಾಲಾಗಿ ಕೂತರು. ಆರೂಕಾಲಿಗೆ ಪ್ರಮೋದ್ ಹೆಂಡತಿ, ಮಗು ಸಮೇತ ಬಂದರು. ಆರೂವರೆಗೆ ಸರಿಯಾಗಿ ಪೆಡಲ್ ಬಳಗದ ಮೂವತ್ತು ಮಂದಿ ಗಂಟೆ ಬಾರಿಸುತ್ತ ತಿರುವಿನಲ್ಲಿ ಕಾಣಿಸಿಕೊಂಡರು.

"ಗಂಡಿನ ಕಡೆಯೋರು ಸೈಕಲ್‌ನಲ್ಲಿ ಬಂದ್ರು!" ಎಂದಿತು ಪ್ರಮೋದ್ ಅವರ ಮಗು.

"ಈಗಿನ ಕಾಲದೋರು. ಪೆಟ್ರೋಲ್ ಉಳಿಸ್ತಾರೆ," ಎಂದು ಸರಸ್ವತಿ ಆಂಟಿ ಸಮರ್ಥಿಸಿದರು. "ಆದ್ರೂ ಎಲ್ರೂ ಚಡ್ಡಿನಲ್ಲೇ ಬಂದ್ಬಿಡೋದಾ? ವರ ಯಾರಿರ್ಬೇಕು?"

"ಮುಂದೆ ಇರೋನು. ಕೆಂಪು ಹೆಲ್ಮೆಟ್ಟು," ಎಂದರು ಪಕ್ಕದಲ್ಲಿ ಕೂತವರು.

ಕೆಂಪು ಹೆಲ್ಮೆಟ್ಟು ಶ್ರೀಕರ್ ಅವರದು. ಅವರು ಸೈಕಲ್ ಇಳಿಯುವ ಮೊದಲೇ ಆಂಟಿ ಆರತಿ ಎತ್ತಿ ಹಣೆಗೆ ಕುಂಕುಮವಿಟ್ಟರು. ಇದು ತಂಗುದಾಣದ ಉದ್ಘಾಟನೆಯ ಭಾಗವೆಂದು ತಿಳಿದ ಶ್ರೀಕರ್ ವಿನಯದಿಂದ ತಲೆಬಾಗಿ, "ಇಷ್ಟೆಲ್ಲಾ ಯಾಕೆ ಆಂಟಿ, ನಾನು ಇವ್ರಲ್ಲಿ ಒಬ್ಬ ಅಷ್ಟೆ" ಎಂದರು.

"ಎಷ್ಟು ನಮ್ರತೆ ನೋಡಿ," ಎಂದರು ಆಂಟಿ.

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕಾಲು ಒಳಗಿಟ್ಟರೆ ಏನೂ ಕಾಣುವುದಿಲ್ಲ, ಹೊರಗಿಟ್ಟರೆ ನಾನು ಎಲ್ಲರಿಗೂ ಕಾಣುತ್ತೇನೆ. ಆಗ ಜೀಪು ಬಂತು.

ಚಿಕ್ಕಬೈರಪ್ಪನವರು ಬಿಳಿ ಶರ್ಟು, ಬಿಳಿ ಪಂಚೆಯಲ್ಲಿ ಇಳಿದರು. ಹಿಂದೆ ಅವರ ಹೆಂಡತಿ ಗೌರಮ್ಮ ನಿಧಾನವಾಗಿ ಇಳಿದರು. ಚಿಕ್ಕಬೈರಪ್ಪ ಆರು ಕಂಬಗಳನ್ನೂ ಅಂಗೈಯಿಂದ ಬಡಿದರು. ಗೂಟಗಳನ್ನು ಬೆರಳಿನಿಂದ ಮುಟ್ಟಿದರು. ಹೆಂಗಸರನ್ನು ಒಂದಿಷ್ಟು ಸರಿಸಿ ಬೆಂಚಿನ ಮೇಲೆ ಕೂತು, ಬೆನ್ನಾನಿಸಿ, ಕಣ್ಣು ಮುಚ್ಚಿದರು. ಅದುವರೆಗೆ ಆರು ಹೆಂಗಸರು ಅಲ್ಲಿ ಕೂತಿದ್ದರು, ನಿಜ, ಆದರೆ ಅವರು ಕೂತದ್ದು ಮದುವೆಯಲ್ಲಿ. ನಾನು ಬರೆದದ್ದರಲ್ಲಿ ಮೊದಲು ಕೂತವರು ಇವರೇ.

"ಗಟ್ಟಿಯಾಗ್ ಅದೆ," ಎಂದು ಅವರು ಕಣ್ಣು ತೆರೆದರು. ಆಮೇಲೆ ಕಂಬದ ತುದಿ ನೋಡಿದರು. ಅರಿಶಿನದ ಕೊಂಬು ನೋಡಿದರು. ಶ್ರೀಕರ್ ಹಣೆಯ ಕುಂಕುಮ ನೋಡಿದರು. "ಇದೇನ್ ಸಾಮಿ, ಮದ್ವೆ ಚಪ್ಪರ ಅಲ್ವರಾ?"

"ಮತ್ತಿನ್ನೇನು!" ಎಂದರು ಪ್ರಮೋದ್ ಉತ್ಸಾಹದಿಂದ.

ಚಿಕ್ಕಬೈರಪ್ಪ ಎದ್ದು ನಿಂತರು. "ಹೆಣ್ಮಗೀನ್ ಮದ್ವೆಗೆ ಹಾಲೆರೆದ ಕಂಬಾನ ಕಿತ್ಕೊಂಡ್ ಹೋಗಿ ನನ್ ಜಾಗ್ದಾಗ್ ನೆಡಕ್ಕಾಗಲ್ಲ. ಅದು ಆ ಮಗೀನ್ ಭಾಗ್ಯ. ಬ್ಯಾಡಿ ಸಾಮಿ, ನಂಗ್ ಬ್ಯಾಡಿ."

ಅಪ್ಪ ಪ್ರಮೋದ್ ಅವರನ್ನು ನೋಡಿದರು, ಚಿಕ್ಕಬೈರಪ್ಪನವರನ್ನು ನೋಡಿದರು. ಒಬ್ಬರಿಗೆ ಇದು ಮದುವೆ ಚಪ್ಪರವಾಗಿರಬೇಕು, ಇನ್ನೊಬ್ಬರಿಗೆ ಆಗಿರಬಾರದು. ಇಬ್ಬರಿಗೂ ಒಟ್ಟಿಗೆ ಸಲ್ಲುವ ಒಂದು ವಾಕ್ಯವನ್ನು ಅವರು ಕಟ್ಟಿದರು.

"ಚಪ್ಪರ ಮದುವೇದೇ ಸಾರ್. ಆದ್ರೆ ಮದುವೆ ಇಲ್ಲ."

ಬೆಂಚಿನ ಮೇಲಿದ್ದ ತಟ್ಟೆಗಳೆಲ್ಲ ಒಟ್ಟಿಗೆ ಅಪ್ಪನ ಕಡೆ ತಿರುಗಿದವು.

"ಮುರಿದ್ಹೋಯ್ತಾ?" ಎಂದು ಸರಸ್ವತಿ ಆಂಟಿ ಶ್ರೀಕರ್ ಕಡೆ ತಿರುಗಿದರು. "ಏನಪ್ಪಾ, ನೀನೇನಾದ್ರೂ ಅಂದ್ಯಾ?"

"ನಾನಾ? ನಾನು ಬೆಂಚು ನೋಡೋಕೆ ಬಂದಿದ್ದು ಆಂಟಿ!"

"ಬೆಂಚು ನೋಡಿ ಹುಡುಗಿ ಬೇಡ ಅಂದ್ನಂತೆ!" ಎಂದು ಹಿಂದಿನ ಸಾಲಿಗೆ ಸುದ್ದಿ ಹೋಯಿತು. ಅತ್ತೆ ಫೋನಿನಲ್ಲಿ ಯಾರಿಗೋ, "ಇರಿ ಇರಿ, ಇಡ್ಬೇಡಿ, ಜಾಗ ಖಾಲಿ ಆಯ್ತು ಅಂತ ಕಾಣುತ್ತೆ" ಎನ್ನುತ್ತಿದ್ದರು. ಚಿಕ್ಕಬೈರಪ್ಪ ಜೀಪಿನ ಕಡೆ ನಡೆಯತೊಡಗಿದ್ದರು.

ನಾನು ಹೊಸಿಲು ದಾಟಿದೆ. ಹೇಗೆ ದಾಟಿದೆನೆಂದು ಬರೆದಿಟ್ಟುಕೊಂಡಿಲ್ಲ.

"ಇದು ಚಪ್ಪರ ಅಲ್ಲ," ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ, ಆಗ ಎಲ್ಲರಿಗೂ ಕೇಳಿಸಿತು, ನಾಲ್ಕನೆಯ ಮನೆಯ ನಾಯಿಗೂ. "ಇದು ಚಪ್ಪರ ಅಲ್ಲ. ನಾನು ಬರೆದಿದ್ದು. ನಂಗೆ ಯಾವ ಮದುವೇನೂ ಇಲ್ಲ."

ಮೊದಲು ಚೇತರಿಸಿಕೊಂಡವರು ಪ್ರಮೋದ್. ಅವರ ಮುಖದಲ್ಲಿ ಕರ್ತವ್ಯಕ್ಕೂ ಅಡಿಗೆಮನೆಯಿಂದ ಬರುತ್ತಿದ್ದ ತುಪ್ಪದ ವಾಸನೆಗೂ ಹೋರಾಟ ನಡೆದಿತ್ತು. "ಹಾಗಾದ್ರೆ ಮೇಡಂ... ಇದನ್ನ ತೆಗೀಲೇಬೇಕಾಗುತ್ತೆ. ಈಗ್ಲೇ. ಅಂದ್ರೆ, ತಿಂಡಿ ಆದ್ಮೇಲೆ."

ಆಗ ಗೌರಮ್ಮ ನನ್ನ ಹತ್ತಿರ ಬಂದರು. ಅದುವರೆಗೆ ಅವರನ್ನು ಯಾರೂ ಮಾತಾಡಿಸಿರಲಿಲ್ಲ.

"ಯಾಕವ್ವಾ ಬರ್ದೆ ಇದ್ನ?"

ಹೇಳಲು ನನ್ನ ಹತ್ತಿರ ಎಂಟು ಪುಟದ ಟಿಪ್ಪಣಿಯಿತ್ತು. "ಕೂತ್ಕೊಳ್ಳೋಕೆ," ಎಂದೆ.

ಗೌರಮ್ಮ ತಲೆಯಾಡಿಸಿದರು. "ನಮ್ ಹೊಲದ್ ಬದಿನಾಗೆ ಒಂದ್ ಹಾಸ್ಗಲ್ ಇತ್ತು. ಹೊರೆ ಹೊತ್ಕೊಂಡ್ ಹೋಗೋರು ಅದ್ರ ಮೇಲ್ ಇಳ್ಸಿ ಕೂರೋರು. ನಾನೂ ಕೂರ್ತಿದ್ದೆ. ಕಾಂಪೌಂಡ್ ಹಾಕ್ಸವಾಗ ಇವ್ರು ಎತ್ತಿಸ್ಬುಟ್ರು. ಹದಿನಾರ್ ವರ್ಸ ಆತು. ಇವತ್ತಿಗೂ ಅಲ್ಲಿ ಬಂದೇಟಿಗೆ ಕಾಲು ತಾನೇ ನಿಂತ್ಕತದೆ." ಅಷ್ಟು ಹೇಳಿ ಅವರು ಹೋಗಿ ಬೆಂಚಿನ ಮೇಲೆ ಕೂತರು. ಅಂಗೈಯಿಂದ ಹಲಗೆಯನ್ನು ಒಮ್ಮೆ ಸವರಿದರು.

"ಏಳಮ್ಮಿ, ಹೊತ್ತಾಯ್ತು," ಎಂದರು ಚಿಕ್ಕಬೈರಪ್ಪ ಜೀಪಿನ ಬಳಿಯಿಂದ.

ಅವರು ಏಳಲಿಲ್ಲ.

"ಏಳಮ್ಮಿ ಅಂದ್ರೆ."

"ಹಾಲೆರೆದ ಕಂಬ ಒಳ್ಳೇದೇ. ತರ್ಸು," ಎಂದರು ಗೌರಮ್ಮ. "ತರ್ಸ್ತೀನಿ ಅಂದ್ಮ್ಯಾಕೆ ಏಳ್ತೀನಿ."

ಚಿಕ್ಕಬೈರಪ್ಪನವರು ಹೆಂಡತಿಯನ್ನೂ, ಅಪ್ಪನನ್ನೂ, ಗರಿಯ ಮೇಲಿನ ಆಕಾಶವನ್ನೂ ನೋಡಿದರು. "ಏನ್ ಮಾಡಣ ಸಾಮಿ, ಕೂತ್ಬುಟ್ಳು," ಎಂದರು. ಇದನ್ನೇ ಒಪ್ಪಿಗೆಯೆಂದು ದಾಖಲಿಸಲಾಯಿತು.

ಎಪ್ಪತ್ತು ಜನರ ತಿಂಡಿಯನ್ನು ಎಪ್ಪತ್ತು ಜನ ತಿಂದರು. ಪ್ರಮೋದ್ ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು, ಕೈತೊಳೆದು, ಗಡಿಯಾರ ನೋಡಿ, "ಸಾರ್, ಈಗ್ಲೇ ತೆಗೀಬೇಕು" ಎಂದು ಕಟ್ಟುನಿಟ್ಟಾಗಿ ಹೇಳಿದರು. ಮರೆಪ್ಪ ಗೂಟ ಬಡಿದು ಹೊರತೆಗೆದಂತೆ ಹೆಲ್ಮೆಟ್ಟಿನವರು, ರೇಷ್ಮೆಸೀರೆಯವರು ಒಂದೊಂದು ತುದಿ ಹಿಡಿದು ಟೆಂಪೋಗೆ ಏರಿಸಿದರು. ಶ್ರೀಕರ್ ಕೊನೆಯ ಹಲಗೆ ಹಿಡಿದು ನನ್ನ ಮುಂದೆ ನಿಂತರು. ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು.

"ಬೆಂಚಿನ ಎತ್ತರ ಹದಿನೇಳು ಇಂಚಾ?"

"ಹದಿನೇಳೂವರೆ," ಎಂದೆ.

ಒಟ್ಟು ನಾಲ್ಕು ವಾಕ್ಯವಾಯಿತು.

ಟೆಂಪೋ ಹೋಯಿತು. ಅದರ ಮುಂದೆ ಹಳದಿ ಜಾಕೆಟ್ಟಿನ ಅಪ್ಪ, ಗಂಟೆ ಬಾರಿಸುತ್ತ, ಎದುರಿಗೆ ಯಾರೂ ಇಲ್ಲದ ರಸ್ತೆಯನ್ನು ತೆರವು ಮಾಡಿಸುತ್ತ. ಅಮ್ಮ ಬರಿದಾದ ರಸ್ತೆಯಲ್ಲಿ ಉದುರಿದ್ದ ಗರಿಯ ಎಳೆಗಳನ್ನು ಗುಡಿಸಿದರು. "ಎರಡು ದಿನ ಚೆನ್ನಾಗಿತ್ತು," ಎಂದಷ್ಟೇ ಹೇಳಿದರು. ಮದುವೆ ಮುಗಿದ ಮನೆಯಲ್ಲಿ ನಿಲ್ಲುವ ಹಾಗೆ ಬೀದಿಯ ಹೆಂಗಸರೂ ಸ್ವಲ್ಪ ಹೊತ್ತು ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಯಾರಿಗೂ ಮನೆಗೆ ಹೋಗಲು ಮನಸ್ಸಿರಲಿಲ್ಲ.

ಮೂರು ವಾರದ ಮೇಲೆ, ಹೆಂಚು ಹೊದಿಸಿದ ಮೇಲೆ, ಅಮ್ಮ ಅದನ್ನು ನೋಡಬೇಕೆಂದರು. ಎರಡು ಬಸ್ ಹತ್ತಿ ವಸಂತಪುರಕ್ಕೆ ಹೋದೆವು. ವಾರದ ದಿನ, ಮಧ್ಯಾಹ್ನ, ಸೈಕಲ್ಲಿನವರು ಯಾರೂ ಇರಲಿಲ್ಲ. ಬೆಂಚಿನ ಒಂದು ತುದಿಯಲ್ಲಿ ಗೌರಮ್ಮ ಸೊಪ್ಪು ಬಿಡಿಸುತ್ತಿದ್ದರು. ನಮ್ಮನ್ನು ನೋಡಿ, ತಮ್ಮ ಮನೆಗೇ ಬಂದವರಿಗೆ ಹೇಳುವ ಹಾಗೆ, "ಬನ್ನಿ, ಕೂತ್ಕಳಿ" ಎಂದರು.

ಅಮ್ಮ ಕೂತರು. ಬೆನ್ನಾನಿಸಿದರು. ಎದುರಿನ ರಸ್ತೆ ಒಂದು ಏರು ಹತ್ತಿ ಮರಗಳ ಹಿಂದೆ ತಿರುಗುತ್ತದೆ. ಅವರು ಅದನ್ನೇ ನೋಡುತ್ತಿದ್ದರು.

"ಇಲ್ಲಿ ಕೂತ್ರೆ ಯಾರಿಗೋ ಕಾಯ್ತಾ ಇದೀವಿ ಅನ್ಸುತ್ತೆ ಕಣೆ."

"ಹೂಂ."

"ಹಾಗಂತಾನೇ ಬರೆದ್ಯಾ?"

ಬೆಂಚಿನ ಮೇಲೆ ನಾನೂ ಕೂತೆ, ಅಂದೇ ಮೊದಲ ಸಲ. ಎತ್ತರ ಸರಿಯಾಗಿತ್ತು. ಆಮೇಲೆ, ಯಾರೂ ಬರದಿದ್ದರೂ, ಸ್ವಲ್ಪ ಸರಿದು ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಕೂತೆ.